ಬಂಡೆಯ ಮೇಲೆ ಜೋಡಿಸಿಟ್ಟ ಬೂಟು

ಕೊರಿಯಾದ ಬುಸಾನಿನಲ್ಲಿ ಊರು ತೋರಿಸುವ ಗೈಡ್‌ಗಳಿಗೇನೂ ಬರವಿಲ್ಲ. ಆದರೆ ಸುನ್‌ದೊಕ್‌ಳ ಹಾಗೆ ತಲೆ ಎಣಿಸುವವಳು ಇನ್ನೊಬ್ಬಳಿಲ್ಲ. ಬಸ್ ಹತ್ತುವಾಗ ಎಣಿಸುತ್ತಾಳೆ, ಇಳಿಯುವಾಗ ಎಣಿಸುತ್ತಾಳೆ, ಮೀನು ಮಾರುಕಟ್ಟೆಯಲ್ಲಿ ಎಲ್ಲರೂ ಊಟಕ್ಕೆ ಕೂತ ಮೇಲೆ ಮತ್ತೊಮ್ಮೆ ಎಣಿಸುತ್ತಾಳೆ. “ಮನೇಲಿ ಗಂಡನ್ನೂ ಹಿಂಗೇ ಎಣಿಸ್ತೀಯೇನಮ್ಮಾ?” ಎಂದು ಡ್ರೈವರ್ ಮಾ ಎಂಬವನು ಛೇಡಿಸಿದರೆ, “ಇರೋದೇ ಒಂದು ತಲೆ, ಅದು ಸೋಫಾ ಬಿಟ್ಟು ಎಲ್ಲಿಗೂ ಹೋಗಲ್ಲ ಬಿಡಣ್ಣ” ಎನ್ನುತ್ತಾಳೆ.

ನಕ್ಕರೂ ಅವಳ ಎದೆಯ ಪುಕಪುಕ ನಿಲ್ಲುವುದಿಲ್ಲ. ಹದಿನಾರಕ್ಕೇ ಬೂಟಿನ ಕಾರ್ಖಾನೆ ಸೇರಿದವಳು. ಆಗ ಈ ಊರಿನ ಬಡವರ ಮನೆಯ ಹೆಣ್ಣುಮಕ್ಕಳೆಲ್ಲ ಬೂಟು ಹೊಲಿದೇ ತಮ್ಮಂದಿರನ್ನು ಓದಿಸಿದ್ದು. ಒಂದು ಸೋಮವಾರ ಹೋದರೆ ಗೇಟಿಗೆ ಬೀಗ. ಆಮೇಲೆ ಮೀನು ಕೊಯ್ದಳು, ಹೋಟೆಲಿನಲ್ಲಿ ಪಾತ್ರೆ ತಿಕ್ಕಿದಳು, ನಲವತ್ತೈದನೇ ವಯಸ್ಸಿನಲ್ಲಿ ಪರೀಕ್ಷೆ ಕಟ್ಟಿ ಗೈಡ್ ಆದಳು. ಈಗ ಐವತ್ತನಾಲ್ಕು. ಕೈಗೆ ಬಂದದ್ದು ಯಾವ ಗಳಿಗೆಯಲ್ಲಾದರೂ ಜಾರಿ ಹೋದೀತು ಎನ್ನುವ ಭಯ ಮಾತ್ರ ಆ ಸೋಮವಾರದಿಂದ ಹಾಗೇ ಉಳಿದುಬಿಟ್ಟಿದೆ.

ಮೇ ತಿಂಗಳ ಹೆತ್ತವರ ದಿನ ಬಂತೆಂದರೆ ಮಕ್ಕಳಿಗೆ ಅವರ ನೆನಪು ಉಕ್ಕಿ ಬರುತ್ತದೆ; ಬಸ್ಸುಗಟ್ಟಲೆ ಮುದುಕರನ್ನು ಸಮುದ್ರ ನೋಡಲು ಕಳಿಸುತ್ತಾರೆ. ಅವತ್ತು ಬಂದವರು ಯಾವುದೋ ಬೆಟ್ಟದ ಹಳ್ಳಿಯ ಇಪ್ಪತ್ತೆಂಟು ಜನ. ದಾರಿಯುದ್ದಕ್ಕೂ ಹಾಡು ಹಾಕಿಸಿಕೊಂಡು ಸೀಟುಗಳ ನಡುವೆ ಕುಣಿದರು. ಯೊಂಗ್ಡೊ ದ್ವೀಪದ ತುದಿಯಲ್ಲಿ, ಕಡಿದಾದ ಬಂಡೆಗಳ ಮೇಲಿನ ದೀಪಸ್ತಂಭ ನೋಡಿಕೊಂಡು ವಾಪಸ್ ಬಸ್ ಹತ್ತಿದಾಗ ಸುನ್‌ದೊಕ್ ಎಣಿಸಿದಳು. ಇಪ್ಪತ್ತೇಳು. ಮತ್ತೆ ಎಣಿಸಿದಳು. ಇಪ್ಪತ್ತೇಳೇ.

“ಕಿಟಕಿ ಪಕ್ಕ ಕೂತಿದ್ರಲ್ಲ, ಮಾತೇ ಆಡದ ತಾತ, ಎಲ್ಲಿ ಅವ್ರು?”

“ಮಾಲ್‌ಸುನಾ?” ಬೊಂಗ್‌ನ್ಯೊ ಅಜ್ಜಿ ಬೇಯಿಸಿದ ಮೊಟ್ಟೆ ಸುಲಿಯುತ್ತಾ ಹೇಳಿದಳು. “ಉಚ್ಚೆಗೆ ಹೋಗಿರ್ತಾನೆ ಕಣಮ್ಮ. ಈ ವಯಸ್ಸಲ್ಲಿ ಪ್ರವಾಸ ಅಂದ್ರೆ ಊರೂರಿನ ಕಕ್ಕಸು ನೋಡೋದೇ ಅಲ್ವೇ!”

ಬಸ್ಸೆಲ್ಲ ನಕ್ಕಿತು. ಸುನ್‌ದೊಕ್ ಓಡಿಹೋಗಿ ಕಕ್ಕಸಿನ ಬಾಗಿಲು ಬಾಗಿಲೂ ಬಡಿದು ಬಂದಳು. ಇಲ್ಲ. ಅವಳ ಮುಖ ನೋಡಿ ಅಜ್ಜಿ ಮೊಟ್ಟೆ ಕೆಳಗಿಟ್ಟಳು.

“ಅಲ್ಲಾ... ಬೆಳಿಗ್ಗೆ ನನ್ನ ಕೇಳ್ದ, ಅಲ್ಲಿ ನೀರು ಆಳ ಐತಾ ಅಂತ. ಯಾಕೋ, ಈಜ್ತೀಯಾ ಅಂತ ತಮಾಷೆ ಮಾಡ್ದೆ. ಅವನು ನಗಲಿಲ್ಲ. ಹೆಂಡ್ತಿ ಹೋಗಿ ಮೂರು ತಿಂಗಳೂ ಆಗಿಲ್ಲಮ್ಮ, ಪಾಪ.”

ಸುನ್‌ದೊಕ್ ಬಂಡೆಗಳ ಕಡೆಗೆ ಓಡಿದಳು. ಇನ್ನೂರು ಮೆಟ್ಟಿಲು ಹೇಗೆ ಇಳಿದಳೋ ಅವಳಿಗೇ ಗೊತ್ತಿಲ್ಲ. ಬಂಡೆಯ ಅಂಚಿನಲ್ಲಿ ಒಂದು ಜೊತೆ ಬೂಟು. ಕಪ್ಪು ಚರ್ಮದ್ದು, ಮದುವೆಗೋ ಸಾವಿಗೋ ಮಾತ್ರ ಹೊರಬರುವಂಥದ್ದು, ಉಜ್ಜಿ ಹೊಳಪು ಕೊಟ್ಟದ್ದು. ಎರಡನ್ನೂ ಅಂಟಿಸಿದ ಹಾಗೆ ಜೋಡಿಸಿಟ್ಟಿತ್ತು, ತುದಿ ಸಮುದ್ರದ ಕಡೆಗೆ.

ಈ ಊರಿನಲ್ಲಿ ನೀರಿನಂಚಿಗೆ ಹಾಗೆ ಜೋಡಿಸಿಟ್ಟ ಬೂಟು ಕಂಡರೆ, ಮರೆತು ಹೋಗಿದ್ದಾರೆ ಎಂದು ಯಾರೂ ಅಂದುಕೊಳ್ಳುವುದಿಲ್ಲ. ಜೀವ ಬೇಡವಾದವರು ಬೂಟನ್ನು ಇಲ್ಲೇ ಬಿಟ್ಟು ಹೋಗುತ್ತಾರೆ, ಹೀಗೇ, ಅಚ್ಚುಕಟ್ಟಾಗಿ. ಹತ್ತು ವರ್ಷ ಬೂಟು ಹೊಲಿದ ಕೈ ಆ ಜೊತೆಯನ್ನು ಮುಟ್ಟಲು ಹೆದರಿತು. “ತಾತಾ!” ಎಂದು ಕೂಗಿದಳು. ಕೆಳಗೆ ಬರೀ ಬಿಳಿ ನೊರೆ. ಫೋನಿನಲ್ಲಿ ಡ್ರೈವರ್‌ಗೆ, “ಅಣ್ಣಾ, ಪೊಲೀಸರಿಗೆ ಹೇಳಿ, ಬೇಗ” ಎನ್ನುವಷ್ಟರಲ್ಲಿ ಅವಳಿಗೆ ಅಳು ಬಂದುಬಿಟ್ಟಿತ್ತು. ಅಯ್ಯೋ, ದೀಪಸ್ತಂಭದ ಎತ್ತರ ಎಷ್ಟು ಮೀಟರ್ ಎಂದು ಬಾಯಿ ಬಡಿದುಕೊಳ್ಳುವ ಬದಲು ಆ ಮನುಷ್ಯನ ಮುಖವನ್ನೊಮ್ಮೆ ನೋಡಬಾರದಿತ್ತೇ ನಾನು!

ಆಗ ಯಾರೋ ಕೆಮ್ಮಿದರು.

ಅಂಚಿನ ಕೆಳಗೆ, ಬದಿಗೆ ಮರೆಯಾಗಿ, ಚಪ್ಪಟೆ ಕಲ್ಲೊಂದಿತ್ತು. ಮಾಲ್‌ಸು ತಾತ ಬರೀ ಕಾಲುಚೀಲದಲ್ಲಿ ಅಲ್ಲಿ ನಿಂತಿದ್ದ. ಮುಂದೆ ಹಾಸಿದ ಪೇಪರು, ಅದರ ಮೇಲೊಂದು ಒಣಮೀನು, ಕಾಗದದ ಲೋಟದಲ್ಲಿ ತುಂಬಿಸಿಟ್ಟ ಹೆಂಡ.

“ನನ್ನ ಜೀವಾನೇ ತೆಗೆದ್ರಲ್ಲ ತಾತ!” ಸುನ್‌ದೊಕ್ ಕಿರುಚಿದಳು. “ಆ ಬೂಟು ಯಾಕೆ ಹಂಗೆ ಬಿಚ್ಚಿಟ್ರಿ?”

“ಮತ್ತೆ? ಎಡೆ ಇಡೋ ಕಡೆ ಬೂಟು ಹಾಕ್ಕೊಂಡು ಬರ್ತಾರೇನಮ್ಮಾ?” ತಾತನಿಗೆ ಅವಳ ಅಳು ಅರ್ಥವೇ ಆಗಲಿಲ್ಲ. “ನನ್ನ ಮಗ ಈ ಊರಿಂದ್ಲೇ ಮೀನಿನ ಹಡಗು ಹತ್ತಿದ್ದು. ಇಪ್ಪತ್ತೆರಡು ಅವಾಗ. ಹಡಗು ಬರ್ಲೇ ಇಲ್ಲ. ಅವರಮ್ಮ ಎಡೆ ಇಡೋಕೆ ಬಿಡ್ಲಿಲ್ಲ, ಬದುಕಿರೋನಿಗೆ ಎಡೆ ಇಟ್ರೆ ನಿನ್ನ ಕೈ ಮುರೀತೀನಿ ಅಂತಿದ್ಲು. ಮೂವತ್ತಾರು ವರ್ಷ ಊಟಕ್ಕೆ ಅವನ ಬಟ್ಟಲು ತೆಗೆದಿಟ್ಟಳಮ್ಮ. ಈಗ ಅವಳೂ ಇಲ್ಲ. ನಾನೂ ಹೋದ್ರೆ ಅವನಿಗೆ ಒಂದು ಲೋಟ ಹಾಕೋರೂ ಇರಲ್ಲ.”

“ಸರಿ, ಅಡ್ಡಬಿದ್ದು ಬನ್ನಿ ಮತ್ತೆ. ಯಾಕೆ ನಿಂತೇ ಇದೀರಿ?”

“ಹೆಂಗಮ್ಮಾ ಬೀಳ್ಲಿ? ಅಪ್ಪ ಮಗನಿಗೆ ಅಡ್ಡಬೀಳೋದುಂಟೇ?”

ಉಂಟೇ? ಇಲ್ಲ. ಎಡೆಯ ಮುಂದೆ ಅಡ್ಡಬೀಳುವುದು ಚಿಕ್ಕವರು. ಆ ಹುಡುಗನಿಗೆ ತಮ್ಮನಿಲ್ಲ, ತಂಗಿಯಿಲ್ಲ, ಮಕ್ಕಳಿಲ್ಲ. ಅದಕ್ಕೇ ಮುದುಕ ಅರ್ಧ ಗಂಟೆಯಿಂದ ತುಂಬಿದ ಲೋಟದ ಮುಂದೆ ಸುಮ್ಮನೆ ನಿಂತಿದ್ದ.

“ನಿಂಗೆಷ್ಟಮ್ಮಾ ವಯಸ್ಸು?”

“ಐವತ್ತನಾಲ್ಕು.”

“ಇದ್ದಿದ್ರೆ ಅವನಿಗೆ ಐವತ್ತೆಂಟು.” ಅಷ್ಟು ಹೇಳಿ ತಾತ ಮುಖ ತಿರುಗಿಸಿಕೊಂಡ. ಬಾಯಿಬಿಟ್ಟು ಕೇಳುವ ಧೈರ್ಯ ಅವನಿಗಾಗಲಿಲ್ಲ.

ಫೋನ್ ಬಡಿದುಕೊಂಡಿತು. “ಸಿಕ್ಕಿದ್ರಾ? ಪೊಲೀಸ್ನೋರು ಹೊರಟವ್ರೆ!” ಎಂದ ಡ್ರೈವರ್ ಮಾ.

“ಸಿಕ್ಕಿದ್ರಣ್ಣ. ಬರೋದು ಬೇಡ ಅನ್ನಿ. ಒಂದು ಹತ್ತು ನಿಮಿಷ ಎಲ್ಲರನ್ನೂ ಕೂರಿಸ್ಕೊಳ್ಳಿ.”

ಅವಳು ತನ್ನ ಬೂಟು ಕಳಚಿ, ಕಲ್ಲಿಗಿಳಿದು ಪೇಪರಿನ ಮುಂದೆ ನಿಂತಳು.

“ಹೆಸರೇನು ತಾತ?”

ತಾತ ಸಮುದ್ರದ ಕಡೆ ತಿರುಗಿ ಹೇಳಿದ. “ಉನ್‌ಬೊಂಗ್.”

“ಉನ್‌ಬೊಂಗಣ್ಣ, ನಾನು ಸುನ್‌ದೊಕ್” ಎಂದು ಅವಳು ಮಂಡಿಯೂರಿ, ಹಣೆ ಕಲ್ಲಿಗೆ ತಾಗುವಂತೆ ಅಡ್ಡಬಿದ್ದಳು. ಎದ್ದು ಇನ್ನೊಮ್ಮೆ ಬಿದ್ದಳು. ತಾತ ಲೋಟ ಎತ್ತಿಕೊಂಡು ಕಲ್ಲಿನ ತುದಿಗೆ ಹೋದ. ಅವಳು ಅವನ ಕೋಟಿನ ಹಿಂಭಾಗವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಅವನು ಹೆಂಡವನ್ನು ನಿಧಾನವಾಗಿ ನೀರಿಗೆ ಸುರಿದ.

“ಕುಡಿಯೋ ಮಗಾ,” ಎಂದ. “ನಿಮ್ಮಮ್ಮ ಬೈದ್ರೆ ನಾನ್ ಹೇಳ್ಕೋತೀನಿ.”