ಯಾವ ನರ?

ಪೀಣ್ಯದ ಫ್ಯಾಕ್ಟರಿಯಲ್ಲಿ ಮೆಷಿನ್ ಮುಂದೆ ನಿಂತೂ ನಿಂತೂ ನನ್ನ ಎಡಗಾಲಿನ ಮೀನಖಂಡದ ತುಂಬ ರಕ್ತನಾಳಗಳು ಎರೆಹುಳುಗಳ ಹಾಗೆ ಉಬ್ಬಿಕೊಂಡಿದ್ದವು. ಸಂಜೆಯಾದರೆ ಕಾಲು ನನ್ನದೇ ಅಲ್ಲವೆನ್ನುವಷ್ಟು ಭಾರ. ಮದುವೆ ನಿಶ್ಚಯವಾಗಿತ್ತು, ಅಷ್ಟರೊಳಗೆ ಇದೊಂದು ಮುಗಿದುಹೋಗಲಿ ಎಂದು ಡಾಕ್ಟರ ಹತ್ತಿರ ಹೋದೆ. ಹಿಂದೆಲ್ಲ ಕೊಯ್ದು ನಾಳವನ್ನೇ ಎಳೆದು ತೆಗೆಯುತ್ತಿದ್ದರಂತೆ. ಈಗ ಸೂಜಿ ಚುಚ್ಚಿದ ತೂತಿನಲ್ಲೇ ತೆಳ್ಳಗಿನ ಲೇಸರ್ ಎಳೆ ತೂರಿಸಿ, ಒಳಗಿನಿಂದ ಸುಟ್ಟು ಮುಚ್ಚಿಬಿಡುತ್ತಾರೆ. ರಕ್ತ ಬೇರೆ ದಾರಿ ಹಿಡಿಯುತ್ತದೆ. ಬೆಳಿಗ್ಗೆ ಹೋದವನು ಮಧ್ಯಾಹ್ನ ನಡೆದುಕೊಂಡೇ ಆಸ್ಪತ್ರೆಯಿಂದ ಹೊರಬಂದೆ.

ಇಷ್ಟು ಸಲೀಸಾದ ಕೆಲಸವನ್ನು ಕೆಡಿಸಿದ್ದು ನಮ್ಮಮ್ಮ. ಹುಡುಗಿಯ ಸೋದರಮಾವ ಫೋನ್ ಮಾಡಿದಾಗ ಬಾಯಿತುಂಬ ಹೇಳಿಬಿಟ್ಟಳು:

"ಮಗಂಗೆ ನರ ಸುಡ್ಸಿದ್ದೀವಿ ಕಣಣ್ಣ. ಈಗ ಆರಾಮಾಗವ್ನೆ."

ಕಾಲಿನ ನರ ಎಂದಿದ್ದರೆ ಆಕೆಯ ಗಂಟೇನು ಹೋಗುತ್ತಿತ್ತೋ! ನಮ್ಮ ಜನರ ಬಾಯಲ್ಲಿ ರಕ್ತನಾಳವೂ ನರವೇ. ಸಾಲದ್ದಕ್ಕೆ, ಗಂಡಸುತನ ಇಲ್ಲದವನಿಗೂ ನರಸತ್ತವನು ಅಂತಲೇ ಹೆಸರು. ಹೆತ್ತ ತಾಯಿಯೇ ಮದುವೆಗೆ ಮುಂಚೆ ಮಗನ ನರ ಸುಡಿಸಿದಳೆಂದರೆ ಬೀಗರು ಏನಂತ ತಿಳಿಯಬೇಕು? ಸುದ್ದಿ ಅವರೂರಿನ ವರ್ತೂರು ಕೆರೆಯನ್ನು ಒಂದು ಸುತ್ತು ಹಾಕುವಷ್ಟರಲ್ಲಿ ನಾನು ಪೂರ್ತಿ ಕೆಲಸಕ್ಕೆ ಬಾರದವನಾಗಿದ್ದೆ. ಲಗ್ನಪತ್ರಿಕೆ ಅಚ್ಚಿಗೆ ಕೊಡಬೇಡಿ ಎಂದು ಹೇಳಿಕಳಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಅಳುವೂ ಬಂತು, ಸುಳ್ಳೇಕೆ ಹೇಳಲಿ. ಆ ಹುಡುಗಿ ನನಗೆ ಅಷ್ಟು ಹಿಡಿಸಿದ್ದಳು.

ಭಾನುವಾರ ಸೋದರಮಾವ ಹುಡುಗಿಯನ್ನೂ ಕರೆದುಕೊಂಡು ನಮ್ಮ ಮನೆಗೇ ಬಂದರು. ಕೆರೆಯ ನೊರೆ, ನೀರಿನ ಟ್ಯಾಂಕರು, ಬಾಡಿಗೆದಾರರ ಕಾಟ ಎಲ್ಲ ಮಾತಾಡಿದರು, ಕೇಳಬೇಕಾದ್ದೊಂದನ್ನು ಬಿಟ್ಟು. ಹುಡುಗಿಯ ಎದುರಿಗೆ ನಾನಾಗಿ ಆ ಮಾತೆತ್ತಲು ನಾಚಿಕೆ. ಕೊನೆಗೆ ಗಂಟಲು ಸರಿಮಾಡಿಕೊಂಡು, "ಒಂದ್ ನಾಕ್ ಎಜ್ಜೆ ನಡೀರಪ್ಪ, ನೋಡಾನ" ಎಂದರು.

ಹೆಣ್ಣು ನೋಡಲು ಹೋದವರು ಹುಡುಗಿಯನ್ನು ನಡೆಸಿ ನೋಡುತ್ತಿದ್ದರೆಂದು ಕೇಳಿದ್ದೆ. ಗಂಡನ್ನು ನಡೆಸಿದ್ದು ನಮ್ಮ ಮನೆಯಲ್ಲೇ ಮೊದಲಿರಬೇಕು. ಸೋಫಾದಿಂದ ಟಿವಿಯವರೆಗೆ ಹೋಗಿ ಬಂದೆ. ಅವರಿಗಿದ್ದ ಅನುಮಾನ ನಡೆದರೆ ತೀರುವಂಥದ್ದಲ್ಲವಲ್ಲ, ಮುಖ ಸಡಿಲವಾಗಲಿಲ್ಲ. ಅಮ್ಮನಿಗೆ ಇದೊಂದೂ ಹೊಳೆದಿರಲಿಲ್ಲ. "ಒಂದ್ ನರ ತಾನೆ ಅಣ್ಣ, ಓದ್ರೆ ಓಯ್ತು" ಎಂದು ಉರಿಯುವ ಬೆಂಕಿಗೆ ತುಪ್ಪ ಸುರಿದಳು.

ಹುಡುಗಿ ಎದ್ದು, ಇವರ ಹತ್ತಿರ ಮಾತಾಡಬೇಕು ಎಂದು ಹೇಳಿ ಬಾಲ್ಕನಿಗೆ ನಡೆದಳು. ಹಿಂದೆಯೇ ಹೋದೆ.

"ಯಾವ ನರ?" ಎಂದಳು. ಸುತ್ತು ಬಳಸು ಏನಿಲ್ಲ.

ಪ್ಯಾಂಟು ಮಡಚಿ, ಡಾಕ್ಟರು ಹಾಕಿಸಿದ್ದ ಬಿಗಿ ಕಾಲುಚೀಲವನ್ನು ಹೆಣಗಾಡಿ ಇಳಿಸಿದೆ. ಅದರ ಮುಂದೆ ಲೇಸರ್ ಏನೂ ಅಲ್ಲ. ಬಗ್ಗಿ ನೋಡಿದವಳು ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಆಮೇಲೆ ಬಾಗಿಲಲ್ಲಿ ತಲೆ ಹಾಕಿ, ಕಾಲಿನ ನರವಂತೆ ಮಾವ ಎಂದು ಕೂಗಿ ಹೇಳಿದಳು. ಒಳಗೆ ಅವರು ಕೆಮ್ಮುವವರೆಗೂ ನಕ್ಕರು. ನನಗೆ ಹೋದ ಜೀವ ಬಂತು.

ಆ ನಗುವಿನ ಗದ್ದಲದಲ್ಲೇ ಅವಳು ಸೀರೆಯ ಅಂಚನ್ನು ಎರಡು ಬೆರಳಲ್ಲಿ ಮೇಲೆತ್ತಿದಳು. ಅವಳಿಗೆ ವೈಟ್‌ಫೀಲ್ಡಿನ ಬಟ್ಟೆ ಅಂಗಡಿಯಲ್ಲಿ ಕೆಲಸ. ಗಿರಾಕಿ ಇಲ್ಲದಾಗಲೂ ಕೂರುವಂತಿಲ್ಲ. ಕಾಲಿನ ಹರಡಿನಿಂದ ಮೇಲಕ್ಕೆ ನೀಲಿ ಗಂಟುಗಳು ಸಾಲಾಗಿ ಹತ್ತಿಹೋಗಿದ್ದವು.

"ಸುಡ್ವಾಗ ನೋವಾಗುತ್ತಾ?"

ಮರಗಟ್ಟಿಸಿ ಮಾಡುತ್ತಾರೆ, ಅಷ್ಟೇನಿಲ್ಲ ಎಂದೆ. ಮನೆಯಲ್ಲಿ ಹೇಳಿಲ್ಲವೇ ಎಂದು ಕೇಳಿದೆ.

"ಹೇಳಿದ್ರೆ ಮುಚ್ಚಿಟ್ಕೋ ಅಂತಿದ್ರು. ನಿಮ್ಮನ್ನಾದ್ರೆ ಯಾವ ನರ ಅಂತ ಕೇಳೋಕಾದ್ರೂ ಬಂದ್ವಿ. ನನ್ನನ್ನ ಯಾರ್ ಕೇಳ್ತಿದ್ರು?"

ನಾನೇ ಕರೆದುಕೊಂಡು ಹೋಗುತ್ತೇನೆ, ನಾಳೆಯೇ ಬೇಕಾದರೂ ಸರಿ ಎಂದೆ.

ಅವಳು ಸೀರೆಯ ಅಂಚನ್ನು ಬಿಟ್ಟಳು.

"ಹೋಗೋಣ. ನಿಮ್ಮಮ್ಮಂಗೆ ಮಾತ್ರ ಹೇಳ್ಬೇಡಿ."