ಹಸಿದ ಆನೆಮರಿ

ನ್ಯಾಮತಿಯಲ್ಲಿ ಬ್ಲೌಸ್ ಹೊಲಿಯುವ ರೂಪಶ್ರೀಗೆ ಸೂಜಿ ಕಂಡರೆ ಭಯ ಎಂದರೆ ಯಾರಾದರೂ ನಕ್ಕಾರು. ದಿನವಿಡೀ ಸೂಜಿಯ ಜೊತೆಗೇ ಅವಳ ಬದುಕು. ಆದರೆ ಡಾಕ್ಟರ ಸೂಜಿಯ ಮಾತೇ ಬೇರೆ. ಚಿಕ್ಕವಳಿದ್ದಾಗ ಹೊನ್ನಾಳಿಯಲ್ಲಿ ನಾಯಿ ಕಚ್ಚಿತ್ತು. ಮಿರ್ಚಿ ಮಂಡಕ್ಕಿ ಕೊಡಿಸುತ್ತೇನೆಂದು ಅಪ್ಪ ಪುಸಲಾಯಿಸಿ ಆಸ್ಪತ್ರೆಗೆ ಕರೆದೊಯ್ದ. ಅಲ್ಲಿ ಅಪ್ಪನೂ ಸೇರಿ ಎಲ್ಲರೂ ಕೈಕಾಲು ಅದುಮಿ ಹಿಡಿದರು. ಸೂಜಿಯ ನೋವು ಮರೆತುಹೋಯಿತು, ಅಪ್ಪನ ಸುಳ್ಳು ಮಾತ್ರ ಮರೆಯಲಿಲ್ಲ.

ಹಾಗಾಗಿ, ಆರು ವರ್ಷದ ಮಗಳು ದುರ್ಗಾಂಬಿಕಾಳ ಟಾನ್ಸಿಲ್ ತೆಗೆಯಲೇಬೇಕೆಂದು ದಾವಣಗೆರೆಯ ಡಾಕ್ಟರು ಹೇಳಿದಾಗ, ಮಗುವಿಗೆ ಸುಳ್ಳು ಹೇಳಬಾರದೆಂದು ರೂಪಶ್ರೀ ಮನಸ್ಸು ಗಟ್ಟಿ ಮಾಡಿಕೊಂಡಳು. ಮಗು ಹೆದರದಿರಲೆಂದು ಅಲ್ಲಿನ ನರ್ಸ್ ಆಶಾ ಅವಳ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟರು. ಅದರಲ್ಲೊಂದು ಆನೆಮರಿಗೆ ಆಪರೇಷನ್. ಅದಕ್ಕೆ ಹಸಿರು ಅಂಗಿ ತೊಡಿಸಬೇಕು, ಮಾಸ್ಕ್ ಇಟ್ಟು ಮಲಗಿಸಬೇಕು, ಎಬ್ಬಿಸಿ ಐಸ್‌ಕ್ರೀಂ ಕೊಡಬೇಕು. ಇಬ್ಬರೂ ಕೂತು ಪೂರ್ತಿ ಆಡಿ ಎಂದು ಆಶಾ ಮತ್ತೆ ಮತ್ತೆ ಹೇಳಿದ್ದರು.

ದುರ್ಗಿ ಆಡಿದ್ದೇ ಆಡಿದ್ದು. ರೂಪಶ್ರೀ ಮಾತ್ರ ಆನೆಮರಿ ಆಸ್ಪತ್ರೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಏನಾದರೂ ನೆಪ ತೆಗೆದು ಹೊಲಿಗೆ ಮಷಿನ್ ಮುಂದೆ ಕೂರುತ್ತಿದ್ದಳು. ಅಳತೆ ಕೊಡಲು ಬಂದ ಲಕ್ಷ್ಮೀದೇವಿ, ತನ್ನ ಕಡೆಯ ಯಾವುದೋ ಮಗು ಮತ್ತಿನ ಔಷಧ ಕೊಟ್ಟ ಮೇಲೆ ಏಳಲೇ ಇಲ್ಲವೆಂದು ಹೇಳಿಹೋಗಿದ್ದಳು. ಅಂದಿನಿಂದ ರೂಪಶ್ರೀ ರಾತ್ರಿ ಎದ್ದೆದ್ದು ಮಲಗಿದ ಮಗಳ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತಿದ್ದಳು.

ಆಪರೇಷನ್ ದಿನ ಬೆಳಿಗ್ಗೆ ಮಗುವಿಗೆ ಹಾಲಿಲ್ಲ, ನೀರಿಲ್ಲ. ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದಳು. ಬಸ್ಸಿಗೆ ಮುಂಚೆ ಊರಮ್ಮನ ಗುಡಿಗೆ ಹೋದರು. ಪೂಜಾರಿ ದೊನ್ನೆಯಲ್ಲಿ ಸಜ್ಜಿಗೆ ಕೊಟ್ಟ. ರೂಪಶ್ರೀ ಅದನ್ನು ಕಣ್ಣಿಗೊತ್ತಿಕೊಂಡು, ತಾನೇ ಬೆರಳಲ್ಲಿ ತೆಗೆದು ಮಗಳ ಬಾಯಿಗಿಟ್ಟಳು. ಇಂಥ ದಿನ ದೇವಿಯ ಪ್ರಸಾದ ಬೇಡ ಅನ್ನುವುದುಂಟೆ? ಅದು ತಿನ್ನುವ ಪದಾರ್ಥವೆಂದು ಅವಳಿಗೆ ಹೊಳೆಯಲೇ ಇಲ್ಲ.

ಆಸ್ಪತ್ರೆಯಲ್ಲಿ ಆಶಾ ಕೇಳಿದರು. "ಬೆಳಿಗ್ಗೆಯಿಂದ ಮಗೀಗೆ ಏನಾದ್ರೂ ಕೊಟ್ಟೀರೇನ್ರಿ?"

"ಇಲ್ಲ ರೀ, ನೀರು ಕೂಡ ಕೊಟ್ಟಿಲ್ಲ."

ದುರ್ಗಿಗೆ ಹಸಿರು ಅಂಗಿ ತೊಡಿಸಿ, ಚಕ್ರದ ಮಂಚದ ಮೇಲೆ ಮಲಗಿಸಿ ತಳ್ಳಿಕೊಂಡು ಹೊರಟರು. ಆಪರೇಷನ್ ಕೋಣೆಯ ಬಾಗಿಲು ಬರುತ್ತಲೇ ಅವಳು ಎದ್ದು ಕೂತು, ತಾನು ಒಳಗೆ ಹೋಗಬಾರದು ಎಂದಳು. ಮಗು ಹೆದರಿತೆಂದುಕೊಂಡಳು ರೂಪಶ್ರೀ. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಮಗಳ ಭುಜಗಳನ್ನು ಅದುಮಿ ಮಲಗಿಸಲು ನೋಡಿದಳು.

"ಏನೂ ಮಾಡಲ್ಲ ಕಣವ್ವ. ಸುಮ್ನೆ ನೋಡಿ ಕಳಿಸ್ತಾರೆ. ಆಮೇಲೆ ಮಿರ್ಚಿ ಕೊಡಿಸ್ತೀನಿ."

ದುರ್ಗಿ ಅಮ್ಮನನ್ನು ವಿಚಿತ್ರವಾಗಿ ನೋಡಿದಳು. "ಹೊಟ್ಟೆ ಖಾಲಿ ಇಲ್ಲಮ್ಮ, ಸಜ್ಜಿಗೆ ಐತೆ. ಆನೆಮರಿ ಏನಾದ್ರೂ ತಿಂದಿದ್ರೆ ಬಾಗ್ಲು ತೆಗೆಯಲ್ಲ."

ಆಶಾ ಮಂಚ ನಿಲ್ಲಿಸಿದರು. ಪ್ರಸಾದ ಅಷ್ಟೇ, ಒಂದೇ ತುತ್ತು ಎಂದು ರೂಪಶ್ರೀ ತೊದಲಿದಳು. ಆಶಾ ಬೈಯಲಿಲ್ಲ. ಮತ್ತಿನಲ್ಲಿದ್ದಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಮಗುವಿನ ಉಸಿರೇ ಕಟ್ಟಬಹುದು ಎಂದು ಮೆಲ್ಲಗೆ ತಿಳಿಸಿದರು. ಆಪರೇಷನ್ ಇನ್ನೊಂದು ದಿನಕ್ಕೆ ಮುಂದೆ ಹೋಯಿತು. ರೂಪಶ್ರೀ ಮಗಳ ಭುಜದ ಮೇಲಿದ್ದ ತನ್ನ ಕೈ ತೆಗೆದಳು. ಲಕ್ಷ್ಮೀದೇವಿ ಹೇಳಿದ ಮಗುವಿಗೂ ಯಾರಾದರೂ ಹೀಗೇ ಪ್ರೀತಿಯಿಂದ ತಿನ್ನಿಸಿದ್ದರೇನೋ.

ವಾಪಸ್ ಬರುವಾಗ ಬಸ್ಸಿನಲ್ಲಿ ದುರ್ಗಿ ಮೊಬೈಲನ್ನು ಅಮ್ಮನ ತೊಡೆಯ ಮೇಲಿಟ್ಟಳು.

"ಈ ಸಲ ನೀನು ಆಡಮ್ಮ. ಹೆದರ್ಕೋಬೇಡ, ನಾನು ಪಕ್ಕದಾಗೇ ಇರ್ತೀನಿ."

ಆನೆಮರಿ ಮೆಟ್ಟಿಲು ಹತ್ತಿತು. ರೂಪಶ್ರೀ ಈ ಸಲ ನೆಪ ಹುಡುಕಲಿಲ್ಲ. ಅದು ಏನಾದರೂ ತಿಂದಿದೆಯೇ ಎಂದು ಪರದೆ ಕೇಳಿತು. ಬೆಳಿಗ್ಗೆ ಸಜ್ಜಿಗೆ ತಿನ್ನಿಸಿದ್ದ ಅದೇ ಬೆರಳಿನಿಂದ ಅವಳು 'ಹೌದು' ಎಂದು ಒತ್ತಿದಳು.