ಆಕೆಗೆ ಕೇಳಿಸಿದ್ದ ಎದೆಬಡಿತ

"ನಿಮ್ಮ ಎದೆಬಡಿತ ಸರಿಯಾಗಿದೆಯಮ್ಮ, ಲಯ ತಪ್ಪಿಲ್ಲ" ಎಂದು ನಾನು ಹೇಳಿದರೂ ಆ ಹಿರಿಯ ಮಹಿಳೆ ಕುರ್ಚಿ ಬಿಟ್ಟು ಏಳಲಿಲ್ಲ. ಭದ್ರಾವತಿಯ ನ್ಯೂ ಟೌನ್‌ನಲ್ಲಿ ನಡೆದ ಹೃದಯ ತಪಾಸಣಾ ಶಿಬಿರಕ್ಕೆ ನಾನು ಶಿವಮೊಗ್ಗದಿಂದ ನರ್ಸ್ ಆಗಿ ಹೋಗಿದ್ದೆ. ಎರಡೂ ಹೆಬ್ಬೆರಳು ಇಟ್ಟರೆ ಸಾಕು, ಬಡಿತದ ಲಯ ತಪ್ಪಿದ್ದರೆ ಕೃತಕ ಬುದ್ಧಿಮತ್ತೆಯ ಪುಟ್ಟ ಯಂತ್ರ ಹೇಳಿಬಿಡುತ್ತಿತ್ತು.

"ಲಯ ತಪ್ಪೋದು ಅಂದ್ರೆ ಹೆಂಗೆ ಸಿಸ್ಟರ್?" ಎಂದು ಕೇಳಿದರು. ಬಡಿತ ತಡೆದು ನಿಂತಂತಾಗಿ, ಆಮೇಲೆ ಒಮ್ಮೆಲೇ ಓಡುತ್ತದೆ ಎಂದೆ.

ಆಕೆ ತಲೆ ತಗ್ಗಿಸಿದರು. "ನಮ್ಮ ಯಜಮಾನ್ರ ಎದೆ ಮೇಲೆ ತಲೆ ಇಟ್ಟಾಗೆಲ್ಲ ನಂಗೆ ಹಂಗೇ ಕೇಳಿಸ್ತಿತ್ತು. ಅವ್ರು ಉಕ್ಕಿನ ಕಾರ್ಖಾನೇಲಿದ್ರು. ಹೇಳಿದ್ರೆ, 'ಫರ್ನೇಸ್ ಮುಂದೆ ನಿಲ್ಲೋರಿಗೆಲ್ಲ ಹಂಗೇ ಮಾರಾಯ್ತಿ, ಉಪ್ಪು ಹಾಕಿ ಮಜ್ಜಿಗೆ ಕೊಡು' ಅಂತಿದ್ರು. ಕೊಡ್ತಿದ್ದೆ. ಒಂದಿನ ಲೋಟ ಕೈಲಿ ಹಿಡ್ಕೊಂಡೇ ಕುಸಿದ್ರು, ಮತ್ತೆ ಏಳ್ಲಿಲ್ಲ." ಯಂತ್ರವನ್ನೇ ನೋಡುತ್ತಾ, "ಹಂಗಾದ್ರೆ ನಾನು ಸರಿಯಾಗೇ ಕೇಳಿಸ್ಕೊಂಡಿದ್ದೆ" ಎಂದರು.

ಬಾಗಿಲಲ್ಲಿ ಎಲ್ಲರಿಗೂ ಮಜ್ಜಿಗೆ ಕೊಡುತ್ತಿದ್ದರು. ಆಕೆ ಕೈಮುಗಿದು, ಬೇಡವೆಂದು ನಡೆದರು. ಈಗ ಯಾರ ಹೆಬ್ಬೆರಳನ್ನು ಯಂತ್ರದ ಮೇಲಿಡಿಸುವಾಗಲೂ ಮೊದಲು ಜೊತೆಗೆ ಬಂದವರತ್ತ ತಿರುಗಿ, "ನಿಮಗೇನಾದರೂ ಕೇಳಿಸಿದೆಯಾ?" ಎನ್ನುತ್ತೇನೆ.